ಇಪ್ಪತ್ತೈದಕ್ಷರದ ಆ್ಯಂಟಿವೈರಸ್

"ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ! ರಕ್ಷಣೆಯ ಅವಧಿ ಮುಗಿಯಲು ಇನ್ನು ಏಳೇ ದಿನ!" ಎಂದು ಪರದೆಯ ಮೂಲೆಯಲ್ಲಿ ಕೆಂಪು ಡಬ್ಬಿಯೊಂದು ಎದ್ದು ನಿಂತರೆ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ನಮ್ಮ ಯಜಮಾನರು ಮಾತ್ರ ಕುರ್ಚಿಯಿಂದೆದ್ದು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡರು. (ಬಾಚಿಕೊಳ್ಳಲು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಶುಭಕಾರ್ಯಕ್ಕೆ ಮುಂಚೆ ಒಂದು ಕ್ರಮ ಅಂತ ಇರುತ್ತದಲ್ಲ.) ಆ ಕೆಂಪು ಡಬ್ಬಿಗಾಗಿ ಅವರು ಹನ್ನೊಂದು ತಿಂಗಳು ಮೂರು ವಾರದಿಂದ ಕಾದಿದ್ದರು.

ಯಾಕೆ ಅಂತ ಹೇಳುತ್ತೇನೆ, ತಾಳಿ. ಅವರು ಯಜಮಾನರಾಗಿದ್ದದ್ದು ಬಾಗಿಲ ಮೇಲಿನ ಫಲಕದಲ್ಲಿ ಮಾತ್ರ. ಒಳಗೆ ಇಪ್ಪತ್ತನಾಲ್ಕು ವರ್ಷ ರಾಜ್ಯಭಾರ ಮಾಡಿದವರು ಅವರ ಹೆಂಡತಿ, ದೊಡ್ಡಾಸ್ಪತ್ರೆಯ ಹೆಡ್ ನರ್ಸು. ಊರಿಗೆಲ್ಲ ಆಕೆ 'ಸಿಸ್ಟರ್'. ವಾರ್ಡಿನಲ್ಲಿ ನಲವತ್ತು ರೋಗಿಗಳನ್ನು ಅಂಕೆಯಲ್ಲಿಟ್ಟು ಮನೆಗೆ ಬಂದರೆ ನಲವತ್ತೊಂದನೆಯವರಾಗಿ ಯಜಮಾನರು ಸಿಗುತ್ತಿದ್ದರು. "ಊಟ ಆದ ತಕ್ಷಣ ಬಿದ್ಕೋಬೇಡಿ, ಏಳಿ", "ಒದ್ದೆ ಟವಲ್ ಹಾಸಿಗೆ ಮೇಲೆ ಹಾಕೋಕೆ ಯಾರು ಕಲಿಸಿದ್ರು ನಿಮಗೆ", "ಹೀಗೇ ಬಗ್ಗಿ ಕೂತ್ಕೊಂಡ್ರೆ ಬೆನ್ನು ಹೋಗುತ್ತೆ, ಆಮೇಲೆ ನನ್ನನ್ನ ಕೇಳ್ಬೇಡಿ." ಆಗೆಲ್ಲ ಯಜಮಾನರು ಮನಸ್ಸಿನಲ್ಲೇ ಬೇಡಿಕೊಂಡದ್ದುಂಟು: ದೇವರೇ, ಒಂದೇ ಒಂದು ವಾರ ಈ ಮನೆಯಲ್ಲಿ ಶಾಂತಿ ಕರುಣಿಸು. ದೇವರು ಧಾರಾಳಿ. ಒಂದು ವಾರ ಕೇಳಿದ್ದಕ್ಕೆ ಎರಡು ವರ್ಷ ಕೊಟ್ಟ. ಸಿಸ್ಟರಿಗೆ ಬಸ್ಸಿನಲ್ಲಿ ಐದು ಗಂಟೆ ದೂರದ ಊರಿಗೆ ವರ್ಗವಾಯಿತು.

ಶಾಂತಿ ಎಂಬುದು ಎಂಥ ಪೀಡೆ ಅಂತ ಯಜಮಾನರಿಗೆ ಗೊತ್ತಾದದ್ದು ಮೂರನೆಯ ದಿನ. ಒದ್ದೆ ಟವಲನ್ನು ಎಲ್ಲಿ ಬೇಕಾದರೂ ಎಸೆಯಬಹುದಿತ್ತು. ಎಸೆದರು. ಎಸೆದು, ಐದು ನಿಮಿಷ ಅದನ್ನೇ ನೋಡುತ್ತಾ ನಿಂತು, ಕೊನೆಗೆ ತಾವೇ ಎತ್ತಿ ಹಗ್ಗಕ್ಕೆ ಹಾಕಿದರು. ಬೈಯುವವರಿಲ್ಲದ ಮನೆಯಲ್ಲಿ ತಪ್ಪು ಮಾಡುವುದಕ್ಕೂ ಮನಸ್ಸು ಬರುವುದಿಲ್ಲ.

ಯಜಮಾನರ ಉದ್ಯೋಗ ಪತ್ರಿಕೆಗೆ ಪದಬಂಧ ರಚಿಸುವುದು. ಮನೆಯ ಮೂಲೆಯ ಆ ಕಂಪ್ಯೂಟರೇ ಅವರ ಕಾರ್ಖಾನೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ದಿನವಿಡೀ ಮಾತು ಹೆಣೆಯುವ ಈ ಮನುಷ್ಯನಿಗೆ ಹೆಂಡತಿಯ ಎದುರು ನೆಟ್ಟಗೆ ಎರಡು ಮಾತು ಹೊರಡುತ್ತಿರಲಿಲ್ಲ. ಆಕೆಯೂ ಅಷ್ಟೇ. ಬೈಗುಳ ಧಾರಾಳವಾಗಿ ಬರುತ್ತಿತ್ತು, ಉಳಿದದ್ದು ಬರುತ್ತಿರಲಿಲ್ಲ. ಕಾರಣವಿಲ್ಲದೆ ಫೋನ್ ಮಾಡುವ ಜಾತಿಗೆ ಇಬ್ಬರೂ ಸೇರಿದವರಲ್ಲ. ಎರಡು ತಿಂಗಳಿಗೊಮ್ಮೆ ಸಿಸ್ಟರ್ ಮನೆಗೆ ಬಂದರೆ ಬಟ್ಟೆ ಒಗೆಯುವುದು, ಬಾಕಿ ನಿದ್ದೆ ತೀರಿಸುವುದು, ಅಮ್ಮನ ಮಂಡಿನೋವು ಕೇಳುವುದು, ಇಷ್ಟರಲ್ಲೇ ಬಸ್ಸಿನ ಹೊತ್ತಾಗುತ್ತಿತ್ತು.

ಹೌದು, ಅಮ್ಮ. ಸಿಸ್ಟರ್ ತಾನು ಹೋಗುವಾಗ ತನ್ನ ಅಮ್ಮನನ್ನು ಗಂಡನ ಬಳಿ ಬಿಟ್ಟುಹೋಗಿದ್ದರು. ಯಾರನ್ನು ಯಾರು ನೋಡಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳಿರಲಿಲ್ಲವಾದ್ದರಿಂದ ಅತ್ತೆಯೂ ಅಳಿಯನೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದರು. ಭಾನುವಾರ ಬೆಳಗ್ಗೆ ಹತ್ತಕ್ಕೆ ಮಗಳ ಫೋನು ಬರುತ್ತಿತ್ತು. ಅತ್ತೆ ನಲವತ್ತು ನಿಮಿಷ ಮಾತಾಡುತ್ತಿದ್ದರು. ಯಜಮಾನರು ಪೇಪರು ಹಿಡಿದು ಪಕ್ಕದಲ್ಲೇ ಸುಳಿದಾಡುತ್ತಿದ್ದರು. ಕೊನೆಗೆ ಅತ್ತೆ, "ಅಳಿಯಂದಿರೇ, ಏನಾದ್ರೂ ಹೇಳೋದಿದ್ಯಾ?" ಎನ್ನುತ್ತಿದ್ದರು. ಯಜಮಾನರು, "ಏನಿಲ್ಲ, ಏನಿಲ್ಲ," ಎನ್ನುತ್ತಿದ್ದರು. ಫೋನು ಕಟ್ಟಾಗುತ್ತಿತ್ತು. ಆಮೇಲೆ ಸೋಮವಾರದವರೆಗೂ ಯಜಮಾನರ ಮುಖ ನೋಡುವ ಹಾಗಿರುತ್ತಿರಲಿಲ್ಲ.

ಇಂಥ ಬರಗಾಲದಲ್ಲಿ ಅವರ ಕೈ ಹಿಡಿದದ್ದೇ ಆ್ಯಂಟಿವೈರಸ್. ಹಿಂದೆ ಅದನ್ನು ಮೊದಲ ಸಲ ಹಾಕಿಸುವಾಗ ಯಜಮಾನರ ಫೋನು ಬಕೆಟ್ಟಿಗೆ ಬಿದ್ದಿತ್ತಾದ್ದರಿಂದ ಹೆಂಡತಿಯ ನಂಬರ್ ಕೊಟ್ಟಿದ್ದರು. ಅಲ್ಲಿಂದ ಮುಂದೆ ಪ್ರತಿ ವರ್ಷ ನವೀಕರಣದ ಕೋಡು ಆಕೆಯ ಫೋನಿಗೇ ಹೋಗುತ್ತಿತ್ತು, ಆಕೆ ಅದನ್ನು ಓದಿ ಹೇಳಬೇಕಾಗುತ್ತಿತ್ತು. (ಮೆಸೇಜನ್ನೇ ಕಳಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಒಮ್ಮೆ ಕಳಿಸಲು ಹೋಗಿ ಅದು ಹಿರಿಯ ಡಾಕ್ಟರಿಗೆ ಹೋಗಿತ್ತು. ಅವರು ಅದನ್ನು ಯಾವುದೋ ಔಷಧಿಯ ಬ್ಯಾಚ್ ನಂಬರ್ ಅಂದುಕೊಂಡು ಇಡೀ ಉಗ್ರಾಣ ತೆಗೆಸಿ ಹುಡುಕಿಸಿದ್ದರು. ಅಂದಿನಿಂದ ಸಿಸ್ಟರ್ ಓದಿ ಹೇಳುವುದೇ ಕ್ಷೇಮ ಎಂದು ತೀರ್ಮಾನಿಸಿದ್ದರು.) ಹೋದ ವರ್ಷ ಹೀಗೆ ಮಾತಾಡಿದ್ದು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷವನ್ನು ಯಜಮಾನರು ವರ್ಷವಿಡೀ ನೆನೆಸಿಕೊಂಡು ಕಾಲ ತಳ್ಳಿದ್ದರು. ಈ ವರ್ಷ ಅದು ಸಾಲದು ಎಂದು ಅವರಿಗೆ ಬಲವಾಗಿ ಅನ್ನಿಸಿತ್ತು.

ಬಾಚಿದ ತಲೆಯೊಂದಿಗೆ ಯಜಮಾನರು ಕಂಪ್ಯೂಟರ್ ಅಂಗಡಿಗೆ ಹೋದರು.

"ಬನ್ನಿ ಸಾರ್. ಈ ಸಲ ಹೊಸದು ಬಂದಿದೆ," ಅಂಗಡಿಯಾತ ಉತ್ಸಾಹದಿಂದ ಒಂದು ಡಬ್ಬಿ ಇಟ್ಟ. "ಕೋಡೂ ಬೇಡ, ಏನೂ ಬೇಡ. ಒಂದು ಗುಂಡಿ ಒತ್ತಿದ್ರೆ ಆಯ್ತು, ತಾನೇ ನವೀಕರಣ ಆಗುತ್ತೆ."

"ಛೆ, ಛೆ!" ಯಜಮಾನರು ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. "ಬೇರೆ ತೋರಿಸಿ."

"ಹಾಗಾದ್ರೆ ನಿಮ್ಮ ಹಳೇದೇ ಇರ್ಲಿ. ಆರಂಕಿ ಕೋಡು."

"ಆರೇನಾ? ಬರೀ ಆರು? ಒಂದೂವರೆ ನಿಮಿಷಕ್ಕೆ ಮುಗಿದೇ ಹೋಗುತ್ತಲ್ರೀ."

"ಬೇಗ ಮುಗಿದ್ರೆ ಒಳ್ಳೇದಲ್ವಾ ಸಾರ್?"

ಯಜಮಾನರು ಅವನನ್ನು ಕನಿಕರದಿಂದ ನೋಡಿದರು. "ನಿಮಗೆ ಮದುವೆ ಆಗಿದ್ಯಾ?"

"ಆಗಿದೆ ಸಾರ್."

"ಮನೆಯವರು ಎಲ್ಲಿದ್ದಾರೆ?"

"ಇಲ್ಲೇ ಸಾರ್, ಅಂಗಡಿ ಹಿಂದೇನೇ ಮನೆ. ಈಗ ತಾನೇ ಬೈದು ಹೋದ್ಲು."

"ಪುಣ್ಯವಂತರು ನೀವು. ನಿಮಗೆ ಅರ್ಥ ಆಗಲ್ಲ. ಬೇರೆ ತೋರಿಸಿ."

ಎಂಟಂಕಿಯದು ಬಂತು, ಹತ್ತರದು ಬಂತು. ಯಾವುದು ಎಷ್ಟು ವೈರಸ್ ಹಿಡಿಯುತ್ತದೆ, ಯಾವುದು ಕಂಪ್ಯೂಟರನ್ನು ನಿಧಾನ ಮಾಡುವುದಿಲ್ಲ ಎಂದು ಅಂಗಡಿಯಾತ ವಿವರಿಸುತ್ತಲೇ ಇದ್ದ. ಯಜಮಾನರು ಎಲ್ಲದಕ್ಕೂ ಕೇಳಿದ್ದು ಒಂದೇ ಪ್ರಶ್ನೆ: "ಅದಿರ್ಲಿ, ಕೋಡು ಎಷ್ಟುದ್ದ?" ಕೊನೆಗೆ ಸೋತುಹೋದ ಅಂಗಡಿಯಾತ ಏಣಿ ಹತ್ತಿ, ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. "ಇದೊಂದಿದೆ ನೋಡಿ. ಕಂಪನಿಯವರು ಹಳೇ ಕಾಲದವರು, ಯಾರನ್ನೂ ನಂಬಲ್ಲ. ಕೀ ಅಂತ ಕಳಿಸ್ತಾರೆ, ಇಪ್ಪತ್ತೈದು ಇಂಗ್ಲಿಷ್ ಅಕ್ಷರ. ತಗೊಂಡೋರೆಲ್ಲ ಬಂದು ನನ್ನ ಜನ್ಮ ಜಾಲಾಡಿ ಹೋಗಿದ್ದಾರೆ."

"ಇಪ್ಪತ್ತೈದು!" ಯಜಮಾನರ ಕಣ್ಣಲ್ಲಿ ನೀರಾಡಿತು. "ಕೊಡಿ, ಕೊಡಿ."

"ಮೂರು ವರ್ಷಕ್ಕೆ ಹಾಕ್ಲಾ ಸಾರ್? ಮತ್ತೆ ಮತ್ತೆ ಈ ತಾಪತ್ರಯ ಇರಲ್ಲ."

"ಬೇಡಪ್ಪಾ, ತಾಪತ್ರಯ ಇರ್ಲಿ. ಒಂದು ತಿಂಗಳದ್ದು ಇದ್ರೆ ಅದೇ ಕೊಡಿ." ತಿಂಗಳದ್ದು ಇರಲಿಲ್ಲ. ವರ್ಷದ್ದನ್ನೇ ತೆಗೆದುಕೊಂಡು, ಕೀ ಯಾವ ನಂಬರಿಗೆ ಕಳಿಸಬೇಕೆಂದು ಕೇಳಿದಾಗ ಹೆಂಡತಿಯ ನಂಬರನ್ನು ಒಂದೇ ಉಸಿರಿನಲ್ಲಿ ಹೇಳಿದರು. ಅಂಗಡಿಯಾತ ತಲೆ ಕೆರೆದುಕೊಂಡು ಬರೆದುಕೊಂಡ.

ಮನೆಗೆ ಬಂದು ಫೋನ್ ಹಚ್ಚಿದರು.

"ಏನ್ರೀ? ಅಮ್ಮ ಹುಷಾರಾಗಿದ್ದಾಳಾ?" ಎಂದರು ಸಿಸ್ಟರ್.

"ಹುಷಾರಾಗಿದ್ದಾರೆ. ಆ್ಯಂಟಿವೈರಸ್ ಕೀ ಬಂದಿದೆಯಾ ಅಂತ..."

"ಓ, ಇದಾ? ಬಂದಿದೆ, ಗೂಡ್ಸ್ ರೈಲಿನ ಹಾಗಿದೆ. ಎಲ್ಲಿಂದ ಹುಡುಕ್ಕೊಂಡು ಬಂದ್ರೀ ಇದನ್ನ? ಬರ್ಕೊಳ್ಳಿ."

"ಪೆನ್ನು ಹುಡುಕ್ತಿದ್ದೀನಿ, ಇರು," ಎಂದರು ಯಜಮಾನರು. ಪೆನ್ನು ಬೆರಳಲ್ಲೇ ಇತ್ತು.

"ಟೈಫಾಯ್ಡಿನ ಟಿ."

"ಡೆಂಗಿದಾ?"

"ಟೈಫಾಯ್ಡ್ ಅಂದೆ ಕಣ್ರೀ, ಟಿ! ಆಮೇಲೆ ಮಲೇರಿಯಾದ ಎಂ. ನಲ್ಲಿ ಸೋರ್ತಿತ್ತಲ್ಲ, ರಿಪೇರಿ ಮಾಡಿಸಿದ್ರಾ?"

"ಎಂ. ಇಲ್ಲ, ಇನ್ನೂ ಸೋರ್ತಿದೆ."

"ಅಯ್ಯೋ ನಿಮ್ಮ! ಎರಡು ತಿಂಗಳಿಂದ ಹೇಳ್ತಿದ್ದೀನಿ. ಕಾಲರಾದ ಸಿ. ಬಿ.ಪಿ. ಮಾತ್ರೆ ತಗೋತಿದ್ದೀರಾ?"

"ಸಿ. ತಗೋತಿದ್ದೀನಿ."

"ಸುಳ್ಳು ಹೇಳ್ಬೇಡಿ. ಗಂಟಲಲ್ಲೇ ಗೊತ್ತಾಗುತ್ತೆ ನನಗೆ. ನಾಯಿಕೆಮ್ಮು... ಅಲ್ಲ, ಅದು ಕನ್ನಡ ಆಯ್ತು. ನ್ಯುಮೋನಿಯಾದ ಪಿ. ಅದು ಪಿ ಇಂದಾನೇ ಶುರುವಾಗೋದು, ನಗ್ಬೇಡಿ."

ಹೀಗೆ ರೋಗಗಳ ದಿಬ್ಬಣ ಹೊರಟಿತು. ಯಜಮಾನರು ಕಣ್ಣು ಮುಚ್ಚಿಕೊಂಡು ಕೇಳಿದರು. ಪೋಲಿಯೋ ನಂತರ ಊಟದ ವಿಚಾರ ಬಂತು, ಜಾಂಡೀಸ್ ನಂತರ ಪಕ್ಕದ ಮನೆಯವರ ವಿಚಾರ ಬಂತು, ಡಿಫ್ತೀರಿಯಾಕ್ಕೆ ಮುಂಚೆ ಆಕೆಗೆ ಒಮ್ಮೆ ನಗು ಬಂತು. ಹನ್ನೊಂದು ನಿಮಿಷ! ಎರಡು ವರ್ಷದಲ್ಲಿ ಅಷ್ಟು ಸುಖದ ಹನ್ನೊಂದು ನಿಮಿಷ ಯಜಮಾನರು ಕಂಡಿರಲಿಲ್ಲ. ಕೊನೆಯ ಅಕ್ಷರ ಬಂದಾಗ ಇನ್ನೊಂದು ಐವತ್ತು ಇದ್ದಿದ್ದರೆ ಆ ಕಂಪನಿಯವರ ಗಂಟೇನು ಹೋಗುತ್ತಿತ್ತು ಅನ್ನಿಸಿತು.

ಇಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅತಿಯಾಸೆ ಗತಿಗೇಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಯಜಮಾನರು ಬೇಕೆಂದೇ ಒಂದಕ್ಷರ ತಪ್ಪಾಗಿ ಒತ್ತಿದರು. 'ಕೀ ಸರಿಯಿಲ್ಲ' ಎಂದಿತು ಕಂಪ್ಯೂಟರ್. ಮುಖದಲ್ಲಿ ಇಲ್ಲದ ಚಿಂತೆ ತಂದುಕೊಂಡು ಮತ್ತೆ ಫೋನ್ ಮಾಡಿದರು. ಮತ್ತೆ ಟೈಫಾಯ್ಡಿನಿಂದ ಶುರು. ಮಾರನೆಯ ದಿನ ಮತ್ತೊಮ್ಮೆ. ಮೂರನೆಯ ಸಲ ಸಿಸ್ಟರ್, "ಇಲ್ಲಿ ನಲವತ್ತು ಪೇಷೆಂಟ್ ಇದ್ದಾರೆ. ಎಲ್ಲಾ ಸೇರಿದ್ರೂ ನಿಮ್ಮಷ್ಟು ಕಾಟ ಕೊಡಲ್ಲ," ಎಂದರು. ಯಜಮಾನರಿಗೆ ಕಿವಿಗೆ ಜೇನು ಸುರಿದಂತಾಯಿತು.

"ಅಳಿಯಂದಿರೇ," ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು, "ದಿನಾ ನನ್ನ ಮಗಳ ಹತ್ರ ರೋಗದ ಹೆಸರು ಹೇಳಿಸ್ಕೊತೀರಲ್ಲ, ಏನಾಗಿದೆ ನಿಮಗೆ?"

"ನನಗಲ್ಲ ಅತ್ತೆ, ಕಂಪ್ಯೂಟರಿಗೆ."

"ಅದಕ್ಕೇ ಕೇಳಿದ್ದು. ಕಂಪ್ಯೂಟರಿಗೆ ಕಾಯಿಲೆ ಬಂದ್ರೆ ನೀವ್ಯಾಕೆ ಹಲ್ಲು ಕಿರೀತೀರಿ?"

ಉತ್ತರ ಕೊಡಬೇಕಾದ ಸಂಕಟ ತಪ್ಪಿಸಿಕೊಳ್ಳಲು ಯಜಮಾನರು ಕಂಪ್ಯೂಟರಿನ ಕಡೆ ತಿರುಗಿ ಅವಸರದಲ್ಲಿ ಮತ್ತೆ ತಪ್ಪು ಒತ್ತಿದರು. ಪರದೆ ಇಡಿಯಾಗಿ ಕೆಂಪಾಯಿತು. 'ಕೀ ತಡೆಹಿಡಿಯಲಾಗಿದೆ. ನೋಂದಾಯಿತ ವ್ಯಕ್ತಿಯು ಗುರುತಿನ ಚೀಟಿಯೊಂದಿಗೆ ಮಾರಾಟಗಾರರ ಬಳಿ ಖುದ್ದಾಗಿ ಹಾಜರಾಗತಕ್ಕದ್ದು.'

ಖುದ್ದಾಗಿ! ಯಜಮಾನರು ಆ ಪದವನ್ನು ಮೂರು ಸಲ ಓದಿದರು. ಇಂಥ ಸೊಗಸಾದ ಪದವನ್ನು ತಾನು ಇದುವರೆಗೆ ಯಾವ ಪದಬಂಧದಲ್ಲೂ ಬಳಸಿಲ್ಲವಲ್ಲ ಎಂದು ಪೇಚಾಡಿದರು.

ಗುರುವಾರ ಸಿಸ್ಟರ್ ಒಂದು ದಿನದ ರಜೆ ಹಾಕಿ, ನಸುಕಿನ ಬಸ್ಸು ಹತ್ತಿ ಹನ್ನೊಂದಕ್ಕೆ ಬಂದಿಳಿದರು. ಸಂಜೆ ಐದರ ಬಸ್ಸಿಗೆ ವಾಪಸು. ಬಸ್ ನಿಲ್ದಾಣದಲ್ಲಿ ಯಜಮಾನರು ಒಂಬತ್ತೂವರೆಯಿಂದ ನಿಂತಿದ್ದರು. ಆಕೆ ಇಳಿದವರೇ ಮೇಲಿಂದ ಕೆಳಗೆ ನೋಡಿ, "ಸಣ್ಣಗಾಗಿದ್ದೀರಿ. ನಡೀರಿ ಅಂಗಡಿಗೆ," ಎಂದರು. ಅಂಗಡಿಯಾತ ಚೀಟಿ ನೋಡಿ, ಕೀ ಬಿಡುಗಡೆ ಮಾಡಿ, ಒಂದು ಎಚ್ಚರಿಕೆ ಕೊಟ್ಟ: ಹಳೆಯ ಆ್ಯಂಟಿವೈರಸ್ ತೆಗೆದುಹಾಕಿ ಐದಾರು ದಿನ ರಕ್ಷಣೆಯಿಲ್ಲದೆ ಓಡಿದ ಕಂಪ್ಯೂಟರು, ಕೀ ಹಾಕಿದ ತಕ್ಷಣ ಪೂರ್ತಿ ತಪಾಸಣೆ ಮಾಡಿಸಬೇಕು, ಮೂರು ಗಂಟೆಯಾದರೂ ಹಿಡಿಯುತ್ತದೆ.

ಮೂರು ಗಂಟೆ! ಮನೆಗೆ ಬಂದು ಸಿಸ್ಟರ್ ಕೀಯನ್ನು ತಾವೇ ಒತ್ತಿದರು, ಒಂದೇ ಏಟಿಗೆ ಸರಿಯಾಯಿತು. (ಯಜಮಾನರ ಕಡೆ ಒಂದು ನೋಟ ಬಿತ್ತು. ಅವರು ಛಾವಣಿ ನೋಡಿದರು.) ತಪಾಸಣೆ ಶುರುವಾಯಿತು. ಆಕೆ ಸೆರಗು ಬಿಗಿದು ಕುರ್ಚಿ ಎಳೆದು ಕೂತರು. ರೋಗಿಯ ಪರೀಕ್ಷೆ ನಡೆಯುವಾಗ ಎದ್ದು ಹೋಗುವುದು ಅವರ ವೃತ್ತಿಯಲ್ಲೇ ಇಲ್ಲ. ಪಕ್ಕದಲ್ಲಿ ಮುಕ್ಕಾಲಿಯ ಮೇಲೆ ಯಜಮಾನರು. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಪರದೆಯ ಮೇಲೆ ಹಸಿರು ಪಟ್ಟಿ ಒಂದು ಪರ್ಸೆಂಟು, ಎರಡು ಪರ್ಸೆಂಟು ಎಂದು ತೆವಳುತ್ತಿತ್ತು. ಇನ್ನೂ ನಿಧಾನಕ್ಕೆ ಹೋಗು ಮಾರಾಯ ಎಂದು ಯಜಮಾನರು ಒಳಗೇ ಅಂಗಲಾಚಿದರು. ಆಸ್ಪತ್ರೆಯ ಸೋಪಿನ ವಾಸನೆ ಬರುತ್ತಿತ್ತು. ಎರಡು ವರ್ಷದಿಂದ ಅವರು ಅದೇ ವಾಸನೆಯ ಸೋಪಿಗಾಗಿ ಅಂಗಡಿ ಅಂಗಡಿ ಅಲೆದು ಸಿಗದೆ ಸುಮ್ಮನಾಗಿದ್ದರು.

ಆ ಸುಖದಲ್ಲಿ ಅವರು ಒಂದು ಸಂಗತಿ ಗಮನಿಸಲಿಲ್ಲ. ಹಸಿರು ಪಟ್ಟಿಯ ಕೆಳಗೆ, ತಾನು ಈಗ ಯಾವ ಕಡತ ಪರೀಕ್ಷಿಸುತ್ತಿದ್ದೇನೆ ಎಂದು ಆ ಹಾಳು ಆ್ಯಂಟಿವೈರಸ್ ಒಂದೊಂದಾಗಿ ಹೆಸರು ತೋರಿಸುತ್ತಿತ್ತು. ಡ್ರಿಪ್ಪಿನ ಹನಿ ಎಣಿಸಿ ಪಳಗಿದ ಕಣ್ಣು ಸಿಸ್ಟರದು. ಅರವತ್ತೆರಡು ಪರ್ಸೆಂಟಿಗೆ ಅವರು ಮುಂದಕ್ಕೆ ಬಾಗಿದರು.

"ಹಳೇ ಕರೆಂಟ್ ಬಿಲ್ಲು ಅಂತಿದೆ. ಅದರೊಳಗೆ ಇದೇನ್ರೀ? 'ಅವಳಿಗೆ ಮಾತ್ರ, ಒಂದು.' 'ಅವಳಿಗೆ ಮಾತ್ರ, ಎರಡು.' 'ಅವಳಿಗೆ ಮಾತ್ರ, ಮೂರು'... ನಲವತ್ತೇಳರ ತನಕ ಇದೆ!"

ಯಜಮಾನರು ಅಂಗೈಯಿಂದ ಪರದೆ ಮುಚ್ಚಲು ಹೋದರು. "ಅದು... ವೈರಸ್ಸಿರಬೇಕು."

"ನಲವತ್ತೇಳು ವೈರಸ್ಸಾ? ಎಲ್ಲಕ್ಕೂ ಕನ್ನಡದಲ್ಲಿ ಹೆಸರಾ?" ಸಿಸ್ಟರ್ ದನಿ ಆಪರೇಷನ್ ಕೋಣೆಯಷ್ಟು ತಣ್ಣಗಾಯಿತು. "ಯಾರು ಅವಳು?"

ಕಾಫಿ ಲೋಟ ಹಿಡಿದು ಒಳಗೆ ಬಂದ ಅತ್ತೆಗೆ ಅಷ್ಟೇ ಸಾಕಾಯಿತು. "ಯಾರದು ಅವಳು? ಅಳಿಯಂದಿರೇ, ನಾನು ಎರಡು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೀನಿ. ನನ್ನ ಮೂಗಿನ ಕೆಳಗೇನಾ?"

"ಯಾರೂ ಇಲ್ಲ ಅತ್ತೆ, ಆಣೆ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ತೆಗಿಯೇ ಅದನ್ನ!"

ಸಿಸ್ಟರ್ ಒಂದನ್ನು ತೆರೆದರು. ಕಪ್ಪು ಬಿಳಿ ಚೌಕಗಳು. ಪದಬಂಧ. ಕೆಳಗೆ ಸುಳಿವುಗಳು. ಮದುವೆಯಾದಾಗಿನಿಂದ ಆಕೆ ಗಂಡನ ಒಂದು ಪದಬಂಧವನ್ನೂ ಬಿಡಿಸಿದವರಲ್ಲ. 'ನಿಮ್ಮ ಜೊತೆ ಸಂಸಾರ ಮಾಡೋದೇ ಒಂದು ಪದಬಂಧ, ಇನ್ನು ಇದು ಬೇರೆ' ಎನ್ನುತ್ತಿದ್ದರು. ಈಗ ಕನ್ನಡಕ ಏರಿಸಿ ಓದಿದರು.

'ಬಾಗಿಲ ಹಿಂದೆ ಎರಡು ವರ್ಷದಿಂದ ನೇತಾಡುತ್ತಿರುವ ನೀಲಿ, ತೊಡುವವಳು ಊರಿನಲ್ಲಿಲ್ಲ. ಮೂರಕ್ಷರ.'

ಆಕೆ ತಿರುಗಿ ಬಾಗಿಲ ಹಿಂದೆ ನೋಡಿದರು. "ಸ್ವೆಟರು," ಎಂದರು ಮೆಲ್ಲಗೆ.

'ಅತ್ತೆಗೆ ಕೊಟ್ಟು, ತಾನೂ ಕುಡಿದ ಮೇಲೆ, ಕೈತಪ್ಪಿನಿಂದ ದಿನವೂ ಒಂದು ಲೋಟ ಮಿಕ್ಕುವುದು. ಎರಡಕ್ಷರ.'

"ಕಾಫಿ," ಎಂದರು ಅತ್ತೆ. "ನಿಜ ಕಣೇ. ದಿನಾ ಮೂರು ಲೋಟ ಮಾಡ್ತಾರೆ. ಮರೆವು ಅಂದ್ಕೊಂಡಿದ್ದೆ."

'ಅವಳಿಲ್ಲದ ಮನೆಯಲ್ಲಿ ಈಗ ಗಡಿಯಾರ ಮಾತ್ರ ಮಾಡುವ ಕೆಲಸ. ಮೂರಕ್ಷರ.'

"ಗೊಣಗು," ಎಂದರು ಸಿಸ್ಟರ್. ಆಮೇಲೆ ಒಂದು ಪೆನ್ಸಿಲ್ ಕೇಳಿದರು.

ಪದಬಂಧ ರಚಿಸುವವನಿಗೆ ಒಂದು ಶಾಪ ಇದೆ. ಬಿಡಿಸುವವರ ಮುಖವನ್ನು ಅವನು ಜೀವಮಾನದಲ್ಲಿ ನೋಡುವುದಿಲ್ಲ. ಅಂದು ಯಜಮಾನರು ನೋಡಿದರು. ಆಕೆ ಪೆನ್ಸಿಲ್ ತುದಿ ಕಚ್ಚುವುದನ್ನು, ಒಂದು ಸುಳಿವಿಗೆ ಹುಬ್ಬು ಗಂಟು ಹಾಕುವುದನ್ನು, ಇನ್ನೊಂದಕ್ಕೆ ಕಣ್ಣು ಒರೆಸಿಕೊಂಡು 'ಧೂಳು' ಎನ್ನುವುದನ್ನು ನೋಡುತ್ತಾ ಕೂತರು. ಹಸಿರು ಪಟ್ಟಿ ಯಾವಾಗ ನೂರಕ್ಕೆ ಮುಟ್ಟಿತೋ ಮೂವರಿಗೂ ಗೊತ್ತಾಗಲಿಲ್ಲ. ವೈರಸ್ ಒಂದೂ ಸಿಕ್ಕಿರಲಿಲ್ಲ.

"ವರ್ಗಾವಣೆ ಅರ್ಜಿ ತಂದಿಟ್ಕೊಂಡು ಒಂದೂವರೆ ವರ್ಷ ಆಯ್ತು," ಎಂದರು ಸಿಸ್ಟರ್, ಕಾಗದದಿಂದ ತಲೆಯೆತ್ತದೆ. "ಅದರಲ್ಲಿ 'ಕಾರಣ ವಿವರಿಸಿ' ಅಂತ ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ. ಏನಂತ ಬರೀಲಿ? ಗಂಡನಿಗೆ ದೊಡ್ಡ ಕಾಯಿಲೆ ಇಲ್ಲ, ಅಮ್ಮ ಗಟ್ಟಿಯಾಗಿದ್ದಾಳೆ, ಮನೇಲಿ ಸಣ್ಣ ಮಕ್ಕಳಿಲ್ಲ. ಅವರು ಹೇಗಿದ್ದಾರಮ್ಮಾ ಅಂತ ಕೇಳಿದಾಗೆಲ್ಲ ಇವಳು 'ಹಾಯಾಗಿದ್ದಾರೆ' ಅಂತಿದ್ಲು. ಹಾಯಾಗಿರೋರ ನೆಮ್ಮದಿ ಯಾಕೆ ಕೆಡಿಸ್ಲಿ ಅಂತ ಸುಮ್ಮನಾದೆ."

"ಇನ್ನೇನು ಹೇಳ್ಬೇಕಿತ್ತು ನಾನು?" ಅತ್ತೆ ರೇಗಿದರು. "ಕೇಳಿದ್ರೆ 'ಏನಿಲ್ಲ, ಏನಿಲ್ಲ' ಅಂತಾರೆ. ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ. ಈ ಮಹಾನುಭಾವರು ಬಾಯಿಟ್ಕೊಂಡು ಉಪವಾಸ!"

ಮಾತಾಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೆಲ್ಲಿ ಸಿಗಬೇಕು? ಯಜಮಾನರು ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು. ನಾಲ್ಕೂವರೆಯಾಗಿತ್ತು. ಸಿಸ್ಟರ್ ನಲವತ್ತೇಳನ್ನೂ ಪ್ರಿಂಟ್ ತೆಗೆದು, "ಉಳಿದದ್ದು ಬಸ್ಸಲ್ಲಿ ಬಿಡಿಸ್ತೀನಿ," ಎಂದು ಬ್ಯಾಗಿಗೆ ತುರುಕಿಕೊಂಡರು. ನಿಲ್ದಾಣದಲ್ಲಿ, ಬಸ್ಸಿನ ಕಿಟಕಿಯ ಕೆಳಗೆ ನಿಂತು, ಇಪ್ಪತ್ತಾರು ವರ್ಷದ ಭಾರವೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿರಲು, ಯಜಮಾನರು ಹೇಳಿದ್ದು ಇಷ್ಟು: "ಕಿಟಕಿ ಗಾಜು ಹಾಕ್ಕೋ, ಗಾಳಿ."

ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಯಜಮಾನರ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ಪದಬಂಧ ಮಾಡೋರು ತಾನೇ? ನಾನು ಆರೋಗ್ಯ ಇಲಾಖೆ ಮುಖ್ಯ ಕಚೇರಿ ವರ್ಗಾವಣೆ ವಿಭಾಗದ ಸೂಪರಿಂಟೆಂಡೆಂಟು. ನಿಮ್ಮ ಮನೆಯವರು ವರ್ಗಾವಣೆಗೆ ಅರ್ಜಿ ಹಾಕಿದ್ದಾರೆ. ಕಾರಣದ ಜಾಗದಲ್ಲಿ 'ಅಡಕ ನೋಡಿ' ಅಂತ ಬರೆದು ನಲವತ್ತೇಳು ಪದಬಂಧ ಪಿನ್ ಹೊಡೆದಿದ್ದಾರೆ."

ಯಜಮಾನರು ಕೂತರು. ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತರು, ಪುಣ್ಯಕ್ಕೆ ಇತ್ತು. "ನೀವು... ಅದನ್ನ ಓದಿದ್ರಾ ಸಾರ್?"

"ಓದದೆ ಶಿಫಾರಸು ಮಾಡೋಕಾಗುತ್ತಾ? ನಮ್ಮ ಸೆಕ್ಷನ್ನಿನಲ್ಲಿ ಇಪ್ಪತ್ತೆರಡು ಜನ, ಎಲ್ಲರೂ ಪರಿಶೀಲಿಸಿದ್ದಾರೆ. ಆ ಸ್ವೆಟರಿನ ಹತ್ರ ನಮ್ಮ ಟೈಪಿಸ್ಟ್ ಮೇಡಂ ಅರ್ಧ ದಿನ ರಜೆ ಹಾಕಿ ಮನೆಗೆ ಹೋದ್ರು. ಅದಿರ್ಲಿ, ಒಂದು ತೊಡಕಿದೆ. ಕೊನೇ ಪದಬಂಧದಲ್ಲಿ ಹದಿನಾಲ್ಕು, ಎಡದಿಂದ ಬಲಕ್ಕೆ, ನಾಲ್ಕಕ್ಷರ, ಖಾಲಿ ಇದೆ. ಅಡಕದಲ್ಲಿ ಖಾಲಿ ಜಾಗ ಇದ್ರೆ ಕಡತ ಮೇಲೆ ಹೋಗಲ್ಲ. ಈ ವರ್ಷದ ವರ್ಗಾವಣೆಗೆ ಇವತ್ತು ಸಂಜೆ ಕಡೇ ಗಡುವು. ಅರ್ಜಿದಾರರು ನನ್ನ ಎದುರಿಗೇ ಕೂತಿದ್ದಾರೆ, ಅವರಿಗೂ ಗೊತ್ತಿಲ್ವಂತೆ. ಉತ್ತರ ಹೇಳಿಬಿಡಿ."

"ಕಾಗದದಲ್ಲಿ ಬರೆದು ಕಳಿಸ್ತೀನಿ ಸಾರ್."

"ಕಾಗದ ಬರೋದ್ರೊಳಗೆ ಮುಂದಿನ ವರ್ಷ ಬರುತ್ತೆ. ಸುಳಿವು ಓದ್ತೀನಿ ಕೇಳಿ. 'ಪ್ರತಿ ಭಾನುವಾರ ಅತ್ತೆಯ ಫೋನಿನ ಪಕ್ಕ ನಿಂತವನ ಗಂಟಲಲ್ಲಿ ಸಿಕ್ಕಿಕೊಂಡದ್ದು.' ಮೂರನೇ ಅಕ್ಷರ 'ಬಿ' ಅಂತ ಬಂದಿದೆ. ಫೋನು ಸ್ಪೀಕರಿಗೆ ಹಾಕಿದ್ದೀನಿ, ಸ್ವಲ್ಪ ಗಟ್ಟಿಯಾಗಿ."

ಯಜಮಾನರ ಕಿವಿ ಕಾದ ಹಂಚಾಯಿತು. ಅತ್ತ ಇಪ್ಪತ್ತೆರಡು ಜನ ಉಸಿರು ಬಿಗಿಹಿಡಿದದ್ದು ಕೇಳಿಸುತ್ತಿತ್ತು. ಇತ್ತ ಅತ್ತೆ ಅಡುಗೆಮನೆಯಿಂದ ಬಂದು ಎದುರಿಗೇ ನಿಂತರು.

"ಹೇಳಿ ಅಳಿಯಂದಿರೇ," ಎಂದರು ಅತ್ತೆ. ಅವರ ದನಿಯಲ್ಲಿ ಎಂದಿನ ಖಾರ ಇರಲಿಲ್ಲ. "ನನಗೂ ಮಗಳು ಬೇಕು."

ಯಜಮಾನರು ಎದ್ದು ನಿಂತರು. ಕಣ್ಣು ಮುಚ್ಚಿದರು.

"ಬಂದುಬಿಡು," ಎಂದರು.

"ಯಾರು, ನಾನಾ?" ಸೂಪರಿಂಟೆಂಡೆಂಟರು ಗಾಬರಿಯಾದರು.

ಹಿಂದಿನಿಂದ ಯಾರೋ ಬೆರಳು ಮಡಿಸಿ ಎಣಿಸಿದರು. "ಬಂ, ದು, ಬಿ, ಡು. ಕೂತ್ಕೊಳ್ತು ಸಾರ್! ಸರಿಯಾಗಿ ಕೂತ್ಕೊಳ್ತು!" ಇಡೀ ಸೆಕ್ಷನ್ನು ಚಪ್ಪಾಳೆ ತಟ್ಟಿತು. ಹೆಂಡತಿಗೆ ಒಂದು ದಿನವೂ ಹೇಳಲಾಗದ ಮಾತನ್ನು ಯಜಮಾನರು ಮೊಟ್ಟಮೊದಲು ಹೇಳಿದ್ದು, ನೋಡಿ, ವರ್ಗಾವಣೆ ವಿಭಾಗದ ಸೂಪರಿಂಟೆಂಡೆಂಟರಿಗೆ.

ಚಪ್ಪಾಳೆ ನಿಂತ ಮೇಲೆ ಫೋನಿನಲ್ಲಿ ಒಂದು ಪರಿಚಿತ ಗಂಟಲು ಸರಿಮಾಡಿಕೊಂಡಿತು.

"ರೀ."

"ಹ್ಞೂಂ."

"ನಾನು 'ಮೀನುಮುಳ್ಳು' ಅಂತ ಬರೆದು ಅಳಿಸಿದ್ದೆ ಕಣ್ರೀ." ಸಿಸ್ಟರ್ ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟವಾಗಿತ್ತು. "ಒಂದು ದಿನ, ಒಂದೇ ಒಂದು ದಿನ ಬಾಯಿಬಿಟ್ಟು ಹೇಳಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?"

ಯಜಮಾನರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಸೂಪರಿಂಟೆಂಡೆಂಟರು ಮಧ್ಯೆ ಬಂದರು.

"ಒಂದ್ನಿಮಿಷ. ಕ್ಷಮಿಸಿ, ನಿಯಮದ ಪ್ರಕಾರ ಅಡಕದ ಮಾಹಿತಿ ಮೂರು ಪ್ರತಿಯಲ್ಲಿ ಇರಬೇಕು. ಮೂರು ಮೇಜಿನವರು ಬೇರೆ ಬೇರೆ ಬರ್ಕೊಳ್ತಾರೆ. ದಯವಿಟ್ಟು ಇನ್ನೆರಡು ಸಲ ಹೇಳಿ."

"ಬಂದುಬಿಡು," ಎಂದರು ಯಜಮಾನರು. ಎರಡನೆಯ ಮೇಜಿನ ಗುಮಾಸ್ತರು ಬರೆದುಕೊಂಡರು.

"ಬಂದುಬಿಡು," ಎಂದರು ಮತ್ತೆ. ಈ ಸಲ ದನಿ ಒಡೆಯಿತು. ಮೂರನೆಯ ಮೇಜಿನವರು ಬರೆದುಕೊಳ್ಳುವ ಮೊದಲೇ ಸಿಸ್ಟರ್, "ಬರ್ತೀನಿ, ಸಾಕು ಇಡಿ ಫೋನು," ಎಂದು ಗದರಿದರು.